ಕೆ5 ರೈಲು ಫಿರಂಗಿಯನ್ನು ಕೈಯಿಂದ ಕಟ್ಟಲು ಯಾವ ಸಾಮಗ್ರಿ? ಎವರ್‌ಗ್ರೀನ್ ಸ್ಟೈರಿನ್ ಮತ್ತು ಕೆ ಅಂಡ್ ಎಸ್ ಹಿತ್ತಾಳೆ ಕೊಳವೆ

ಎರಡನೇ ಮಹಾಯುದ್ಧದ ಜರ್ಮನ್ ಕೆ5 ಫಿರಂಗಿಗೆ ಕಿಟ್‌ಗಳ ಕೊರತೆ ಇಲ್ಲ. 1:72ರಲ್ಲಿ ಹಸೆಗಾವಾ, 1:35ರಲ್ಲಿ ಡ್ರ್ಯಾಗನ್ ಮತ್ತು ಟ್ರಂಪೆಟರ್ ಮಾಡಿವೆ. ಆದರೆ ಅದನ್ನು ನಿಮ್ಮ ಉಳಿದ ರೈಲು ಮಾದರಿಗಳ ಪಕ್ಕದಲ್ಲೇ, ಅದೇ ಹಳಿಯ ಮೇಲೆ ನಿಲ್ಲಿಸಬೇಕೆಂದರೆ ಅಳತೆ 1:87 ಆಗಿರಬೇಕು, ಅಂದರೆ ರೈಲು ಮಾದರಿಯವರು ಎಚ್‌ಒ ಎಂದು ಕರೆಯುವ ಅಳತೆ. ಆ ಅಳತೆಯಲ್ಲಿ ಹಳಿ, ಚಕ್ರ ಸಿದ್ಧವಾಗಿ ಸಿಗುತ್ತವೆ. ಮಿಕ್ಕಿದ್ದನ್ನು ಪ್ಲಾಸ್ಟಿಕ್ ಮತ್ತು ಹಿತ್ತಾಳೆಯಲ್ಲಿ ಕಟ್ಟುವುದು ಕಷ್ಟವೇನಲ್ಲ, ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ ಅನ್ನುವುದು ಮಾತ್ರ ಮೊದಲೇ ಗೊತ್ತಿರಬೇಕು. ನಳಿಕೆಗೆ ಹಿತ್ತಾಳೆ ಬಿಟ್ಟು ಬೇರೇನೂ ಬೇಡ. ಸಣ್ಣ ಪಟ್ಟಿ, ಕೋನ, ಚಾನಲ್‌ಗಳಿಗೆ ಎವರ್‌ಗ್ರೀನ್ ಕಂಪನಿಯ ಸ್ಟೈರಿನ್ ಪ್ಲಾಸ್ಟಿಕ್‌ಗೆ ಸಮನಾದದ್ದಿಲ್ಲ. ಅಗಲದ ದಪ್ಪ ಹಾಳೆಯನ್ನು ಮಾತ್ರ ಹೊರದೇಶದಿಂದ ತರಿಸುವುದು ದಂಡ.

ಮೊದಲು ನಳಿಕೆ, ಏಕೆಂದರೆ ಕೆ5 ಎಂದರೆ ನಳಿಕೆಯೇ. ಅಸಲು ಫಿರಂಗಿಯಲ್ಲಿ ಅದರ ಉದ್ದ 21.5 ಮೀಟರ್, ಒಳವ್ಯಾಸ 283 ಮಿ.ಮೀ. 87ರಿಂದ ಭಾಗಿಸಿದರೆ ಉದ್ದ 247 ಮಿ.ಮೀ., ಒಳವ್ಯಾಸ 3.25 ಮಿ.ಮೀ. ಕೆ ಅಂಡ್ ಎಸ್ ಕಂಪನಿಯ ಹಿತ್ತಾಳೆ ಕೊಳವೆ 12 ಇಂಚು ಉದ್ದ ಬರುತ್ತದೆ, ಹೊರವ್ಯಾಸ ಇಂಚಿನ 32ನೇ ಒಂದು ಭಾಗದಷ್ಟು ಹೆಚ್ಚುತ್ತಾ ಹೋಗುತ್ತದೆ, ಗೋಡೆಯ ದಪ್ಪ ಸುಮಾರು 0.36 ಮಿ.ಮೀ. ಹಾಗಾಗಿ 5/32 ಇಂಚಿನ, ಅಂದರೆ 3.97 ಮಿ.ಮೀ. ಕೊಳವೆಯ ಒಳವ್ಯಾಸ 3.25 ಮಿ.ಮೀ. ಆಸುಪಾಸಿಗೇ ಬಂದು ನಿಲ್ಲುತ್ತದೆ. ಇದಕ್ಕಿಂತ ಒಳ್ಳೆಯ ಹೊಂದಿಕೆ ಹುಡುಕಿದರೂ ಸಿಗದು. ಗುಂಡು ತಿರುಗುವಂತೆ ಒಳಗೆ ಕೊರೆದ 12 ತೋಡುಗಳ ಆಳ ಅಸಲಿನಲ್ಲೇ 7 ಮಿ.ಮೀ., ಈ ಅಳತೆಯಲ್ಲಿ 0.08 ಮಿ.ಮೀ. ಆಗುತ್ತದೆ. ಕಣ್ಣಿಗೆ ಕಾಣದ್ದಕ್ಕೆ ಕೈ ಹಾಕಬೇಡಿ.

ಕತ್ತರಿಸುವಾಗ ಎಚ್ಚರ ಬೇಕು. ಉರುಳುವ ಬ್ಲೇಡಿನ ಕಟರ್ ಬಳಸಿದರೆ ಕೊಳವೆಯ ಬಾಯಿ ಒಳಕ್ಕೆ ಮಡಚಿಕೊಂಡು ಕಿರಿದಾಗುತ್ತದೆ, ನೋಡುವವರ ಕಣ್ಣು ಮೊದಲು ಬೀಳುವುದೂ ಅಲ್ಲಿಗೇ. ಅಕ್ಕಸಾಲಿಗರ ಗರಗಸದಲ್ಲಿ ಕೊಯ್ದು, 3.2 ಮಿ.ಮೀ. ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಬಾಯಿ ಬಿಡಿಸಿ.

ನಳಿಕೆ ಹಿಂದಕ್ಕೆ ಹೋದಂತೆ ದಪ್ಪವಾಗುತ್ತದೆ. ಒಂದರ ಮೇಲೊಂದು ಕೊಳವೆ ತೂರಿಸಿ, ಮೆಟ್ಟಿಲುಗಳ ನಡುವೆ ಎಂ-ಸೀಲ್ ತುಂಬಿ ಉಜ್ಜುವವರೇ ಹೆಚ್ಚು. ಉಜ್ಜುವಾಗ ಮೆದುವಾದ ಎಂ-ಸೀಲ್ ಬೇಗ ಸವೆದು ಹಿತ್ತಾಳೆ ಉಬ್ಬಾಗಿ ಉಳಿಯುತ್ತದೆ, ಬಣ್ಣ ಬಿದ್ದ ಮೇಲೆ ಆ ಉಂಗುರ ಎದ್ದು ಕಾಣುತ್ತದೆ. ಕಾಗದದ ತ್ರಿಕೋನ ಇದಕ್ಕಿಂತ ವಾಸಿ. ಸಾಮಾನ್ಯ ಜೆರಾಕ್ಸ್ ಕಾಗದ ಸುಮಾರು 0.1 ಮಿ.ಮೀ. ದಪ್ಪ. 4 ಮಿ.ಮೀ. ಕೊಳವೆ ಹಿಂಬದಿಯಲ್ಲಿ 5.6 ಮಿ.ಮೀ. ಆಗಬೇಕಾದರೆ ಎಂಟು ಸುತ್ತು ಬೇಕು, ಅಂದರೆ ಸುಮಾರು 120 ಮಿ.ಮೀ. ಕಾಗದ. ಲಂಬಕೋನ ತ್ರಿಕೋನದ ಒಂದು ಬಾಹು ಇಷ್ಟಿರಲಿ, ಇನ್ನೊಂದು ಬಾಹು ನಳಿಕೆ ದಪ್ಪವಾಗುವ ಭಾಗದಷ್ಟು ಉದ್ದವಿರಲಿ. ಈ ಉದ್ದದ ಬಾಹುವನ್ನು ಕೊಳವೆಗೆ ಅಂಟಿಸಿ ಬಿಗಿಯಾಗಿ ಸುತ್ತಿದರೆ ಕಾಗದದ ತುದಿ ಬ್ರೀಚ್, ಅಂದರೆ ಗುಂಡು ತುಂಬುವ ಹಿಂಬದಿಯ ಕಡೆ ಬಂದು ಮುಗಿಯುತ್ತದೆ, ನಳಿಕೆ ತಾನಾಗಿ ಓರೆಯಾಗುತ್ತದೆ. ತೆಳುವಾದ ಫೆವಿಕ್ವಿಕ್ ಹನಿ ಹನಿಯಾಗಿ ಕುಡಿಸಿ. ಒಣಗಿದ ಮೇಲೆ ಡ್ರಿಲ್ ಮೆಷಿನ್‌ಗೆ ಕಚ್ಚಿಸಿ ನಿಧಾನ ವೇಗದಲ್ಲಿ 400, ಆಮೇಲೆ 800 ನಂಬರಿನ ಎಮರಿ ಪೇಪರ್ ಹಿಡಿಯಿರಿ. ಅಂಟು ಕುಡಿಯದೆ ಉಳಿದ ಜಾಗ ನಾರು ನಾರಾಗಿ ಏಳುತ್ತದೆ. ಅಲ್ಲಿಗೆ ಇನ್ನೊಂದು ಹನಿ ಬಿಟ್ಟು ಮತ್ತೆ ಉಜ್ಜಿ.

ಎವರ್‌ಗ್ರೀನ್ ಕೊಳವೆಗಳೂ ಒಂದರೊಳಗೊಂದು ಕೂರುತ್ತವೆ, ಸಣ್ಣ ಸಿಲಿಂಡರ್, ಪೈಪ್‌ಗಳಿಗೆ ಚೆನ್ನಾಗಿವೆ. ಆದರೆ ಕಾಲು ಮೀಟರ್ ಉದ್ದದ ನಳಿಕೆಗೆ ಸ್ಟೈರಿನ್ ತಾಳುವುದಿಲ್ಲ. ಒಂದೇ ತುದಿಯಲ್ಲಿ ಆಧಾರವಿರುವ ಕೊಳವೆ ನಮ್ಮ ಬೇಸಿಗೆಯ ಸೆಕೆಯಲ್ಲಿ ನಿಧಾನವಾಗಿ ಜೋತು ಬೀಳುತ್ತದೆ. ಹಿತ್ತಾಳೆ ಸಿಗದಿದ್ದರೆ ಹಳೇ ರೇಡಿಯೋದ ಆಂಟೆನಾ ನೋಡಿ. ಹೊಳಪಿನ ಲೇಪವನ್ನು ಪೂರ್ತಿ ಉಜ್ಜಿ ತೆಗೆಯದಿದ್ದರೆ ಬಣ್ಣ ಹಿಡಿಯುವುದಿಲ್ಲ ಅಷ್ಟೇ.

ಇನ್ನು ಪಟ್ಟಿಗಳು. ಎವರ್‌ಗ್ರೀನ್ ಪಟ್ಟಿ 14 ಇಂಚು ಉದ್ದ, ಅಂಚು ಚೂಪು, ಒಂದೇ ಪ್ಯಾಕೆಟ್ಟಿನ ಎಲ್ಲ ಪಟ್ಟಿಗಳದ್ದೂ ಒಂದೇ ಅಳತೆ. ಈ ಒಂದೇ ಗುಣಕ್ಕೆ ಅದರ ಬೆಲೆ ನ್ಯಾಯವಾದದ್ದು. 12 ಆಕ್ಸಲ್‌ಗಳ ಸ್ಪ್ರಿಂಗ್ ಪಟ್ಟೆಗಳನ್ನು 0.25 ಮಿ.ಮೀ. ಪಟ್ಟಿಗಳಿಂದ ಒಂದರ ಮೇಲೊಂದು ಜೋಡಿಸುವಾಗ ಇಪ್ಪತ್ತನಾಲ್ಕೂ ಒಂದೇ ರೀತಿ ಬರಬೇಕು. ಕೈಯಲ್ಲಿ ಕೊಯ್ದ ಪಟ್ಟಿಯಿಂದ ಅದು ಆಗದು. ಎಚ್‌ಒ ಅಳತೆಯದೆಂದೇ ಮಾರುವ ಪ್ರತ್ಯೇಕ ಪಟ್ಟಿಗಳು ಅಡಿ-ಇಂಚಿನ ಲೆಕ್ಕದವು, ಮೆಟ್ರಿಕ್‌ನಲ್ಲಿ ಕಟ್ಟಿದ ಜರ್ಮನ್ ಯಂತ್ರಕ್ಕೆ ಅವು ಬೇಕಿಲ್ಲ. ಸಾಮಾನ್ಯ ಪಟ್ಟಿಗಳೇ ಸಾಕು.

ಹಾಳೆಯ ವಿಷಯಕ್ಕೆ ಬಂದರೆ, ನಳಿಕೆಯನ್ನು ಹೊರುವ ಪೆಟ್ಟಿಗೆಯಾಕಾರದ ದೊಡ್ಡ ಗರ್ಡರಿಗೆ 1 ಮಿ.ಮೀ. ಎಚ್‌ಐಪಿಎಸ್ (ಸ್ಟೈರಿನ್ ಜಾತಿಯದೇ ಪ್ಲಾಸ್ಟಿಕ್) ಹಾಳೆ ಇಲ್ಲೇ ಪ್ಲಾಸ್ಟಿಕ್ ಶೀಟ್ ಮಾರುವವರಲ್ಲಿ ಸಿಗುತ್ತದೆ. ದಪ್ಪ ಒಂದೇ ಸಮ ಇರುವುದಿಲ್ಲ, ವರ್ನಿಯರ್ ಹಿಡಿದು ನೋಡಿ ಕೊಳ್ಳಿ. ಬೋರ್ಡ್ ಅಂಗಡಿಯ ಸನ್‌ಬೋರ್ಡ್ ಮಾತ್ರ ತರಬೇಡಿ. ಅದು ಪಿವಿಸಿ ನೊರೆ, ಸ್ಟೈರಿನ್ ಅಂಟು ಅದನ್ನು ಬೆಸೆಯುವುದಿಲ್ಲ. ಮೇಲ್ಪದರದ ರಿವೆಟ್ ತಗಡಿಗೆ ಎವರ್‌ಗ್ರೀನ್‌ನ 0.25 ಮಿ.ಮೀ. ಹಾಳೆಯೇ ಬೇಕು. ಹಿಂಬದಿಯಿಂದ ಮೊಂಡು ಸೂಜಿಯಲ್ಲಿ ಒತ್ತಿ ರಿವೆಟ್ ಎಬ್ಬಿಸಿ, ಆಮೇಲೆ ಅಂಟಿಸಿ. ಅಂಟು ಹೆಚ್ಚಾದರೆ ರಿವೆಟ್ಟಿನ ಹಿಂದಿನ ಗುಳಿಯಲ್ಲಿ ನಿಂತು, ಮಾರನೇ ದಿನಕ್ಕೆ ರಿವೆಟ್ ಕರಗಿ ಕೂತಿರುತ್ತದೆ. ಅಂಚಿನಲ್ಲಿ ಮಾತ್ರ ತೆಳುವಾಗಿ ಹರಿಸಿ.

ಗರ್ಡರ್ ಪೂರ್ತಿ ಮುಚ್ಚಿದ ಪೆಟ್ಟಿಗೆ. ಒಳಗೆ ಪ್ರತಿ 25 ಮಿ.ಮೀ.ಗೆ ಒಂದು ಅಡ್ಡಗೋಡೆ ಕೊಡಿ, ಪ್ರತಿಯೊಂದಕ್ಕೂ ತೂತಿರಲಿ, ತಳದಲ್ಲಿ ಹೊರಕ್ಕೊಂದು ಕಿಂಡಿ ಇರಲಿ. ಅಂಟಿನ ಆವಿ ಒಳಗೆ ಸಿಕ್ಕಿಕೊಂಡರೆ ಕೆಲವು ತಿಂಗಳಲ್ಲಿ ಪಕ್ಕದ ತಗಡು ಒಳಕ್ಕೆ ಸೊರಗುತ್ತದೆ. ಬಣ್ಣ ಹಚ್ಚಿದ ಮೇಲೆ ಅದನ್ನು ಸರಿಮಾಡುವ ದಾರಿಯೇ ಇಲ್ಲ. ಟಾಮಿಯಾ ಎಕ್ಸ್‌ಟ್ರಾ ಥಿನ್ ಈ ಕೆಲಸಕ್ಕೆ ಹದವಾದ ಅಂಟು. ಅಕ್ರಿಲಿಕ್ ಕೆಲಸದವರು ಬಳಸುವ ಡೈಕ್ಲೋರೋಮೀಥೇನ್ ಅಗ್ಗ, ಬೇಗ ಹಿಡಿಯುತ್ತದೆ, ಆದರೆ 0.25 ಮಿ.ಮೀ. ಹಾಳೆಯನ್ನು ನೋಡನೋಡುತ್ತಲೇ ತಿಂದುಬಿಡುತ್ತದೆ. ಆವಿಯೂ ಅಪಾಯಕಾರಿ. ಕಿಟಕಿ ತೆರೆಯದೆ ಮುಟ್ಟಬೇಡಿ. ಹಿತ್ತಾಳೆಯನ್ನು ಸ್ಟೈರಿನ್‌ಗೆ ಕೂಡಿಸಲು ಎರಡೂ ಮುಖ ಗೀಚಿ ಅರಾಲ್ಡೈಟ್ ಹಾಕಿ. ಫೆವಿಕ್ವಿಕ್ ಒಂದು ಏಟಿಗೆ ಬಿಟ್ಟುಕೊಳ್ಳುತ್ತದೆ.

ನಕ್ಷೆ ಇಲ್ಲದೆ ಫೋಟೋ ನೋಡಿ ಕಟ್ಟುವವರು ಒಂದು ತಿಳಿದಿರಲಿ. ಕಟ್ಟಿದ 25 ಫಿರಂಗಿಗಳಲ್ಲಿ ಉಳಿದಿರುವುದು ಎರಡು, ಒಂದು ಅಮೆರಿಕದ ವರ್ಜೀನಿಯಾದಲ್ಲಿ, ಇನ್ನೊಂದು ಫ್ರಾನ್ಸಿನ ಓಡಿಂಗೆನ್‌ನಲ್ಲಿ. ವರ್ಜೀನಿಯಾದ ಲಿಯೋಪೋಲ್ಡ್, 1944ರಲ್ಲಿ ಇಟಲಿಯಲ್ಲಿ ಸಿಕ್ಕ ಎರಡು ಹಾಳಾದ ಫಿರಂಗಿಗಳನ್ನು ಸೇರಿಸಿ ಒಂದು ಮಾಡಿದ್ದು. ಸಣ್ಣ ಭಾಗಗಳಿಗೆ ಯುದ್ಧಕಾಲದ ಫೋಟೋವನ್ನೇ ನಂಬಿ. ಬಣ್ಣ 1943ರ ಫೆಬ್ರವರಿಗೆ ಮುಂಚಿನದಾದರೆ ಕಡು ಬೂದು, ಆಮೇಲಿನದಾದರೆ ಕಡು ಹಳದಿ.

ಗರ್ಡರಿನ ಕೆಳಗಿನ ಚಕ್ರಗಾಡಿ ಎರಡು, ಒಂದೊಂದಕ್ಕೆ ಆರು ಆಕ್ಸಲ್. ಆರನ್ನೂ ಬಿಗಿಯಾಗಿ ಕೂರಿಸಿದರೆ ಎಚ್‌ಒ ತಿರುವಿನಲ್ಲಿ ಹಳಿ ತಪ್ಪುವುದು ಖಂಡಿತ. ನಡುವಿನ ಆಕ್ಸಲ್‌ಗಳಿಗೆ ಅಕ್ಕಪಕ್ಕ ಸರಿಯಲು ಜಾಗ ಬಿಡಿ. ಗರ್ಡರನ್ನು ಚಕ್ರಗಾಡಿಗೆ ಕೂಡಿಸುವ ಮುಂದಿನ ತಿರುಗುಮೊಳೆ ಚಕ್ರಗಾಡಿಯ ನಡುವೆ ಬರುವುದಿಲ್ಲ, ಅದರ ಕೊನೆಯ ಎರಡು ಆಕ್ಸಲ್‌ಗಳ ತುಸು ಮುಂದೆ ಬರುತ್ತದೆ. ಬರೀ ಪ್ರದರ್ಶನಕ್ಕಾದರೆ ಆಕ್ಸಲ್ ಎಲ್ಲ ಅಂಟಿಸಿಬಿಡಿ, ಕೋಡ್ 100 ಹಳಿಯ ಬದಲು ಕೋಡ್ 70 ತನ್ನಿ. ಕೋಡ್ ಎಂದರೆ ಹಳಿಯ ಎತ್ತರ, ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ. ಕೋಡ್ 100ರ ಎತ್ತರ 2.54 ಮಿ.ಮೀ., ಅಸಲು ಅಳತೆಯಲ್ಲಿ 22 ಸೆಂ.ಮೀ. ಆಗುತ್ತದೆ. ಜರ್ಮನಿಯ ಎಸ್49 ಹಳಿ 15 ಸೆಂ.ಮೀ.ಗೂ ಸ್ವಲ್ಪ ಕಡಿಮೆ. ಕೋಡ್ 70ರ 1.78 ಮಿ.ಮೀ. ಅದಕ್ಕೆ ಹತ್ತಿರ ಬರುತ್ತದೆ.