ಚಿರೇಕಲ್ಲಿನ ಕೆಳಗೆ ಏನಿದೆ: ಗೋವಾದಲ್ಲಿ ಆರು ವರ್ಷ ಸಾಯಿಲ್ ಟೆಸ್ಟ್ ಮಾಡಿಸಿದವನ ಅನುಭವ

ಊರು ಕುಮಟಾ, ಅನ್ನ ಮಡಗಾಂವ್‌ನಲ್ಲಿ. ಸಣ್ಣ ಮಟ್ಟದ ಕಟ್ಟಡ ಗುತ್ತಿಗೆ ನನ್ನದು. 2019ರಿಂದ ನಾಲ್ಕು ಸೈಟುಗಳಿಗೆ ಒಂದೇ ಏಜೆನ್ಸಿಯಿಂದ ಮಣ್ಣು ಪರೀಕ್ಷೆ ಮಾಡಿಸಿದ್ದೇನೆ. ಬೋರ್ ಹೊಡೆಯುವುದು (ನೀರಿಗಲ್ಲ, ಮಣ್ಣು ನೋಡಲು), ಲ್ಯಾಬ್, ಅಡಿಪಾಯದ ಸಲಹೆ ಮೂರೂ ಅವರದ್ದೇ. ಹೊಗಳುವುದೂ ಇದೆ, ಬೈಯುವುದೂ ಇದೆ, ಹಾಗಾಗಿ ಹೆಸರು ಬೇಡ.

ಮೊದಲ ಸೈಟು ಪರ್ವರಿಯ ಗುಡ್ಡದ ಮೇಲೆ. ಮಾಲೀಕರು ಅಗ್ಗದ ದರದವರೊಬ್ಬರಿಂದ ಆಗಲೇ ಎರಡು ಬೋರ್ ಹೊಡೆಸಿದ್ದರು. ನಾಲ್ಕೂವರೆ ಮೀಟರಿಗೆ 'ಕಲ್ಲು ಸಿಕ್ಕಿತು' ಎಂದು ಬರೆದುಕೊಟ್ಟು ಅವರು ಸಾಮಾನು ಕಟ್ಟಿಕೊಂಡು ಹೋಗಿದ್ದರು. ಕರಾವಳಿಯಲ್ಲಿ ಬಾವಿ ತೋಡುವವರನ್ನು ಕೇಳಿ ನೋಡಿ, ಚಿರೇಕಲ್ಲು, ಅಂದರೆ ಮನೆ ಕಟ್ಟುವ ಕೆಂಪು ಕಲ್ಲು, ಒಡೆದು ಕೆಳಗಿಳಿದರೆ ಶೇಡಿ ಎಂಬ ಮೆತ್ತನೆ ಜಾರು ಮಣ್ಣು ಸಿಗುತ್ತದೆ ಅನ್ನುತ್ತಾರೆ. ಕೊಂಕಣ ರೈಲ್ವೆಯನ್ನು ಉತ್ತರ ಗೋವಾದ ಪೆಡ್ನೆ (ಪೆರ್ನೆಮ್) ಸುರಂಗದಲ್ಲಿ ವರ್ಷಗಟ್ಟಲೆ ಸತಾಯಿಸಿದ್ದು ಮೆತ್ತನೆ ಮಣ್ಣೇ. 1998ರ ಜನವರಿಯಲ್ಲಿ ಇಡೀ ಮಾರ್ಗ ತೆರೆಯಿತು, ಆದರೂ 2020ರ ಆಗಸ್ಟ್ ಮಳೆಗೆ ಅದೇ ಸುರಂಗದ ಗೋಡೆ ಕುಸಿಯಿತು.

ಈ ಏಜೆನ್ಸಿಯವರು 15 ಮೀಟರ್ ಹೋಗದೆ ನಿಲ್ಲಿಸುವುದಿಲ್ಲ ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಬೋರಿನೊಳಗೆ ಇಳಿಸಿದ ರಾಡಿನ ಮೇಲೆ 63.5 ಕೆಜಿ ಸುತ್ತಿಗೆ 75 ಸೆಂಟಿಮೀಟರ್ ಎತ್ತರದಿಂದ ಬೀಳಬೇಕು. ರಾಡಿನ ಮೇಲೆ ಸೀಮೆಸುಣ್ಣದಲ್ಲಿ 15 ಸೆಂಟಿಮೀಟರಿಗೊಂದರಂತೆ ಮೂರು ಗೆರೆ. ಮೊದಲ ಗೆರೆಯ ಏಟು ಲೆಕ್ಕಕ್ಕಿಲ್ಲ, ಉಳಿದೆರಡನ್ನು ಕೂಡಿದರೆ ಎನ್ ಸಂಖ್ಯೆ; ಅದು ಹೆಚ್ಚಿದ್ದಷ್ಟೂ ಮಣ್ಣು ಗಟ್ಟಿ. ಮೂರು ಮೀಟರಿನಲ್ಲಿ 50 ಏಟು ಹೊಡೆದರೂ ರಾಡು ಅಲ್ಲಾಡಲಿಲ್ಲ. ಆರು ಮೀಟರಿನಲ್ಲಿ ಮೂರು, ನಾಲ್ಕು, ಐದು. ಅಂದರೆ ಎನ್ ಬರೀ 9! ರಾಡಿನ ತುದಿಯ ಕೊಳವೆ ಬಿಚ್ಚಿದರೆ ತಿಳಿಗುಲಾಬಿ ಮಣ್ಣು, ಬೆರಳಲ್ಲಿ ಒತ್ತಿದರೆ ಒದ್ದೆ ಸಾಬೂನಿನ ಹಾಗೆ ಜಾರುತ್ತಿತ್ತು. ಬೋರ್ ಯಂತ್ರದ ಮೇಸ್ತ್ರಿ ಗದಗಿನವನು. "ರೊಟ್ಟಿ ಮ್ಯಾಲಷ್ಟ ಸುಟ್ಟೈತ್ರಿ ಸರ, ಒಳಗ ಹಿಟ್ಟ ಹಸೀನ ಐತಿ" ಎಂದ. ರಿಪೋರ್ಟಿನ ಅರವತ್ತು ಪುಟಗಳಲ್ಲಿ ಇಷ್ಟು ಸ್ಪಷ್ಟವಾದ ವಾಕ್ಯ ನನಗೆ ಸಿಗಲಿಲ್ಲ.

ಮಾಲೀಕರಿಗೆ ನೆಲಮಾಳಿಗೆಯಲ್ಲಿ ಪಾರ್ಕಿಂಗ್ ಬೇಕಿತ್ತು. ಮೂರೂವರೆ ಮೀಟರ್ ಅಗೆದರೆ ಗಟ್ಟಿ ಪದರವನ್ನು ನಾವೇ ಕಿತ್ತು ಬಿಸಾಕಿ, ಶೇಡಿಯ ನೆತ್ತಿಯ ಮೇಲೆ ಕಟ್ಟಡ ಕೂರಿಸಿದಂತಾಗುತ್ತಿತ್ತು. ಏಜೆನ್ಸಿಯ ಎಂಜಿನಿಯರು ಮುಲಾಜಿಲ್ಲದೆ ಹೇಳಿದರು: ನೆಲಮಾಳಿಗೆ ಬಿಡಿ, ಕಲ್ಲಿನ ಮೇಲೇ ಕೂತುಕೊಳ್ಳಿ. ಮೊದಲಿನವರು ಚದರ ಮೀಟರಿಗೆ 40 ಟನ್ ಎಸ್‌ಬಿಸಿ (ನೆಲ ಸುರಕ್ಷಿತವಾಗಿ ಹೊರಬಲ್ಲ ಭಾರ) ಕೊಟ್ಟಿದ್ದರು, ಇವರು ಕೊಟ್ಟಿದ್ದು 18. ಮಾಲೀಕರು ಒಂದು ವಾರ ನನ್ನ ಫೋನ್ ಎತ್ತಲಿಲ್ಲ. ಕಟ್ಟಡ ನಾಲ್ಕು ಮಳೆಗಾಲ ಕಂಡಿದೆ, ನೆಲ ಕುಸಿದು ಒಂದು ಬಾಗಿಲೂ ಬಿಗಿ ಹಿಡಿದಿಲ್ಲ.

ಇನ್ನೊಂದು ಕೆಲಸಕ್ಕೆ ಅವರಿಗೆ ಪೂರ್ತಿ ಅಂಕ ಕೊಡಬೇಕು. ಫೋಂಡಾದ ಸೈಟಿನಲ್ಲಿ ಬೋರ್ ಮುಗಿದ ಮೇಲೆ ನೀರಿನ ಮಟ್ಟ ನೋಡಲು ತೂತು ಕೊರೆದ ಪಿವಿಸಿ ಪೈಪು ಇಳಿಸಿ ಬಿಟ್ಟುಹೋದರು. ಏಪ್ರಿಲಿನಲ್ಲಿ ಆರು ಮೀಟರ್ ಆಳದಲ್ಲಿದ್ದ ನೀರು ಜುಲೈನಲ್ಲಿ 1.2 ಮೀಟರಿಗೆ ಬಂತು. ಬೇಸಿಗೆಯ ಅಳತೆ ನಂಬಿ ನೆಲದಡಿಯ ಸಂಪು ಕಟ್ಟಿದ್ದರೆ, ಮಳೆಗಾಲದಲ್ಲಿ ಅದನ್ನು ತೊಳೆಯಲು ಖಾಲಿ ಮಾಡಿದ ದಿನ ದೋಣಿಯಂತೆ ಮೇಲೇಳುತ್ತಿತ್ತು. ತಳದ ಕಾಂಕ್ರೀಟ್ ದಪ್ಪ ಮಾಡಿಸಿದೆವು.

ಈಗ ಬೈಗುಳ. ಮೂರನೇ ಸೈಟಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಸುಸ್ತಾದ ಹುಡುಗರು ಸುತ್ತಿಗೆಯನ್ನು ಅರವತ್ತು ಸೆಂಟಿಮೀಟರಿಗೇ ಬಿಡುತ್ತಿದ್ದರು. ಇದು ಚಿಲ್ಲರೆ ವಿಷಯವಲ್ಲ ಮಾರಾಯ್ರೆ. ಎತ್ತರ ಕಮ್ಮಿಯಾದರೆ ಅಷ್ಟೇ ಆಳಕ್ಕೆ ಏಟು ಜಾಸ್ತಿ ಬೇಕು, ಏಟು ಜಾಸ್ತಿಯಾದರೆ ಕಾಗದದ ಮೇಲೆ ಮಣ್ಣು ಗಟ್ಟಿಯಾಗಿಬಿಡುತ್ತದೆ. ವೀಡಿಯೊ ಕಳಿಸಿದೆ. ಎರಡು ದಿನ ಸಬೂಬು ಹೇಳಿ, ಆಮೇಲೆ ಪಕ್ಕದಲ್ಲೇ ಹೊಸ ಬೋರ್ ಪುಕ್ಕಟೆ ಹೊಡೆದುಕೊಟ್ಟರು. ಅಲ್ಲಿಂದ ಹಗ್ಗಕ್ಕೆ ಕೆಂಪು ಬಟ್ಟೆ ಕಟ್ಟಿಸಿ ಎತ್ತರ ನೋಡುವುದು ನನ್ನ ಅಭ್ಯಾಸ.

ರಿಪೋರ್ಟಂತೂ ಒಮ್ಮೆಯೂ ಹೇಳಿದ ದಿನಕ್ಕೆ ಬಂದಿಲ್ಲ. ಮೂರು ವಾರ ಅಂದರೆ ಆರು ವಾರ. ಒಂದರಲ್ಲಿ ಕಪ್ಪು ಹತ್ತಿ ಮಣ್ಣು ಉಬ್ಬುವ ಬಗ್ಗೆ ಒಂದು ಪುಟ ಇತ್ತು. ನಮ್ಮ ಸೈಟಿನಲ್ಲಿ ಕಪ್ಪಗೆ ಇದ್ದದ್ದು ಕಾಗೆ ಮಾತ್ರ. ಪುಣೆ ಕಡೆಯ ಯಾವುದೋ ರಿಪೋರ್ಟಿನಿಂದ ಅಂಟಿಸಿರಬೇಕು.

ಬಿಲ್ಲಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಮಣ್ಣಿಗೆ ಮೀಟರಿಗೊಂದು ದರ, ಕಲ್ಲಿಗೆ ಅದಕ್ಕಿಂತ ಹೆಚ್ಚು. ಚಿರೇಕಲ್ಲು ಯಾವುದಕ್ಕೆ ಸೇರಿತು? ಅವರು ಕಲ್ಲು ಅನ್ನುತ್ತಾರೆ, ನಾನು ಮಣ್ಣು ಅನ್ನುತ್ತೇನೆ. ವರ್ಕ್ ಆರ್ಡರಿನಲ್ಲಿ ಮೊದಲೇ ಬರೆಸಿಕೊಳ್ಳದ್ದು ನನ್ನದೇ ತಪ್ಪು. ವಾಸ್ಕೊದ ಐದನೇ ಸೈಟಿಗೂ ಇವರಿಗೇ ಹೇಳಿದ್ದೇನೆ, ಆ ಸಾಲು ಬರೆಸಿದ ಮೇಲೆಯೇ ಅಡ್ವಾನ್ಸ್ ಕೊಟ್ಟೆ.