ಲ್ಯಾಂಬರ್ಟ್, ಕ್ಯುರೆಟನ್, ಅಕಿನ್‌ಫೆನ್ವಾ: ಯಾರ ಹಾದಿ ನೋಡಬೇಕು?

ಇಂಗ್ಲೆಂಡಿನ ಫುಟ್‌ಬಾಲ್‌ನ ಕೆಳ ಲೀಗ್‌ಗಳಲ್ಲಿ ಊರೂರು ಸುತ್ತಿ ಆಡುವ ಫಾರ್ವರ್ಡ್‌ಗಳ (ಗೋಲು ಹೊಡೆಯುವ ಮುಂಚೂಣಿ ಆಟಗಾರರ) ಬದುಕು ತಿಳಿಯಬೇಕು, ಯಾರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ.

ಎಷ್ಟು ಎತ್ತರಕ್ಕೆ ಏರಬಹುದು ಅನ್ನೋದು ನೋಡಬೇಕಾದರೆ ರಿಕಿ ಲ್ಯಾಂಬರ್ಟ್. ಹದಿನೈದರ ವಯಸ್ಸಿಗೇ ಲಿವರ್‌ಪೂಲ್ ಕ್ಲಬ್ ಕೈಬಿಟ್ಟಿತು. ಕ್ಲಬ್ ಇಲ್ಲದ ದಿನಗಳಲ್ಲಿ ಬೀಟ್‌ರೂಟ್ ಕಾರ್ಖಾನೆಯಲ್ಲಿ ದುಡಿದರು. ಆಮೇಲೆ ಮ್ಯಾಕಲ್ಸ್‌ಫೀಲ್ಡ್, ಸ್ಟಾಕ್‌ಪೋರ್ಟ್, ರೋಚ್‌ಡೇಲ್, ಬ್ರಿಸ್ಟಲ್ ರೋವರ್ಸ್, ಸೌತಾಂಪ್ಟನ್ ಕ್ಲಬ್‌ಗಳಿಗೆ ಆಡಿದರು. 2013ರಲ್ಲಿ, 31ನೇ ವಯಸ್ಸಿಗೆ, ವೆಂಬ್ಲಿಯಲ್ಲಿ ಸ್ಕಾಟ್ಲೆಂಡ್ ವಿರುದ್ಧ ಬದಲಿ ಆಟಗಾರನಾಗಿ ಇಳಿದರು. ಕಾರ್ನರ್ ಕಿಕ್‌ನಿಂದ ಚೆಂಡು ಬಂತು, ತಲೆಯಿಂದ ಹೊಡೆದರು, ಇಂಗ್ಲೆಂಡ್ ಪರ ಮೊದಲ ಸ್ಪರ್ಶಕ್ಕೇ ಗೋಲು! ನನಗೆ ಈಗಲೂ ಮೈ ಜುಮ್ಮೆನ್ನುತ್ತೆ.

ಆದರೆ ಇಂಥ ಏರಿಕೆ ಅಪರೂಪ ಅಲ್ವಾ? ಬಾಳಿಕೆ ಮುಖ್ಯ ಅನ್ನುವವರಿಗೆ ಜೇಮಿ ಕ್ಯುರೆಟನ್. 2006-07ರಲ್ಲಿ ಕಾಲ್ಚೆಸ್ಟರ್ ಪರ 23 ಗೋಲು ಹೊಡೆದು, ಇಂಗ್ಲೆಂಡಿನ ಎರಡನೇ ದರ್ಜೆಯ ಲೀಗ್ ಆದ ಚಾಂಪಿಯನ್‌ಶಿಪ್‌ನಲ್ಲೇ ಅತಿ ಹೆಚ್ಚು ಗೋಲು ಹೊಡೆದವರಾದರು. ನಲವತ್ತು ದಾಟಿದ ಮೇಲೂ ಆಡುತ್ತಲೇ ಇದ್ದರು.

ಅಭಿಮಾನಿಗಳ ಪ್ರೀತಿ ನೋಡಬೇಕಾದರೆ ಅಡೆಬಾಯೊ ಅಕಿನ್‌ಫೆನ್ವಾ. ಲಿಥುವೇನಿಯಾದಲ್ಲಿ ಶುರು ಮಾಡಿದವರು. ದಪ್ಪ ಮೈಯಿಂದಲೇ ಚೆಂಡು ಕಾಪಾಡಿಕೊಳ್ಳುತ್ತಿದ್ದರು. 2020ರಲ್ಲಿ ವೈಕಂಬ್ ಕ್ಲಬ್ ಮೊದಲ ಸಲ ಚಾಂಪಿಯನ್‌ಶಿಪ್‌ಗೆ ಏರಿದಾಗ ಆ ತಂಡದಲ್ಲಿದ್ದರು.

ಮಕ್ಕಳಿಗೆ ಕಥೆ ಹೇಳಲು ಲ್ಯಾಂಬರ್ಟ್ ಸರಿ. ನೀವೇ ಆಡುವವರಾದರೆ ಕ್ಯುರೆಟನ್‌ರಿಂದ ಕಲಿಯುವುದು ಜಾಸ್ತಿ.