ವಯೋಮಿಂಗ್‌ಗೆ ಬೇಟೆಗೆ ಹೊರಡುವವರು ಮೊದಲು ದಾರಿಯನ್ನು ವಿಚಾರಿಸಿಕೊಳ್ಳಿ

ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಕೆಲವರು ಈಚಿನ ವರ್ಷಗಳಲ್ಲಿ ಬೇಟೆಯ ಪರವಾನಗಿ ಪಡೆದು ಶರತ್ಕಾಲದಲ್ಲಿ ಕಾಡುಮೇಡು ಸುತ್ತಲು ಆರಂಭಿಸಿದ್ದಾರೆ. ನಮ್ಮ ನಾಡಿನಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಯೆಂಬುದು ಬಹುಮಟ್ಟಿಗೆ ಹಿರಿಯರ ನೆನಪಾಗಿ ಉಳಿದಿರುವುದರಿಂದ, ಇಲ್ಲಿ ಅದನ್ನು ಕಲಿಯುವಾಗ ನಾವು ಬಂದೂಕಿನ ತರಬೇತಿಗೂ ನಿಯಮಗಳ ಪುಸ್ತಕಕ್ಕೂ ತುಂಬಾ ಗಮನ ಕೊಡುತ್ತೇವೆ. ದಾರಿಯ ಬಗ್ಗೆ ಅಷ್ಟು ಗಮನ ಕೊಡುವುದಿಲ್ಲ. ನಾನು ಕೊಡದಿದ್ದುದರಿಂದ ಮೂವರು ಗೆಳೆಯರನ್ನು ಮೂರು ದಿನ ಕೆಸರಿನ ನಡುವೆ ಕೂರಿಸಿದೆ, ಒಂದು ಪ್ರಾಣಿಯ ಅರ್ಧ ಮಾಂಸವನ್ನು ಹಾಳುಮಾಡಿದೆ. ಬೇರೆ ಯಾರಿಗೂ ಹೀಗಾಗಬಾರದೆಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಾವು ನಾಲ್ವರು ಡೆನ್ವರ್ ಸುತ್ತಮುತ್ತ ಇರುವವರು. ಪ್ರಾಂಗ್‌ಹಾರ್ನ್ ಎಂಬ ಜಿಂಕೆಯಂಥ ಪ್ರಾಣಿಯ ಬೇಟೆಗೆ ಈಶಾನ್ಯ ವಯೋಮಿಂಗ್‌ನ ಒಂದು ಪ್ರದೇಶದ ಲೈಸೆನ್ಸ್ ಲಾಟರಿಯಲ್ಲಿ ನಮ್ಮಲ್ಲಿ ಇಬ್ಬರಿಗೆ ಸುಲಭವಾಗಿ ಸಿಕ್ಕಿತು. ಸುಲಭವಾಗಿ ಸಿಕ್ಕಿದ್ದು ಏಕೆಂದು ನಾನು ಆಗಲೇ ಯೋಚಿಸಬೇಕಿತ್ತು. ಆ ಭಾಗದಲ್ಲಿ ಪ್ರಾಣಿಗಳಿಗೆ ಕೊರತೆಯಿಲ್ಲ, ಆದರೆ ನೆಲದ ಬಹುಪಾಲು ದನ ಸಾಕುವ ಖಾಸಗಿ ರ‍್ಯಾಂಚ್‌ಗಳಿಗೆ ಸೇರಿದೆ. ಸರ್ಕಾರಿ ನೆಲ ಅಲ್ಲಲ್ಲಿ ತೇಪೆ ಹಾಕಿದಂತೆ ಹರಡಿಕೊಂಡಿದೆ. ಸಾರ್ವಜನಿಕ ಪ್ರವೇಶ ಕಷ್ಟವಿರುವ ಪ್ರದೇಶಗಳನ್ನು ರಾಜ್ಯದ ಬೇಟೆ ಮತ್ತು ಮೀನುಗಾರಿಕೆ ಇಲಾಖೆ ಅರ್ಜಿಯ ಮಾಹಿತಿಯಲ್ಲಿಯೇ ಗುರುತು ಮಾಡಿ ತೋರಿಸುತ್ತದೆ. ಆ ಗುರುತನ್ನು ನಾನು ನೋಡಿದ್ದೆ. ನಕ್ಷೆ ಚೆನ್ನಾಗಿ ಓದಬಲ್ಲವರಿಗೆ ಅದು ಅನ್ವಯಿಸುವುದಿಲ್ಲವೆಂದು ಭಾವಿಸಿ ಮುಂದೆ ಹೋದೆ.

ದಾರಿ ಗೊತ್ತುಮಾಡುವ ಹೊಣೆ ನನ್ನದಾಗಿತ್ತು. ಭೂಮಾಲೀಕತ್ವವನ್ನು ಬಣ್ಣಗಳಲ್ಲಿ ತೋರಿಸುವ ಒಂದು ಮೊಬೈಲ್ ನಕ್ಷೆಯನ್ನು ಮುಂದಿಟ್ಟುಕೊಂಡು ಮೂರು ಸಂಜೆ ಕುಳಿತೆ. ಬಿಎಲ್‌ಎಂ, ಎಂದರೆ ಒಕ್ಕೂಟ ಸರ್ಕಾರದ ಭೂನಿರ್ವಹಣಾ ಸಂಸ್ಥೆಯ ನೆಲ, ಹಳದಿ ಬಣ್ಣದಲ್ಲಿರುತ್ತದೆ. ರಾಜ್ಯದ್ದು ನೀಲಿ, ಖಾಸಗಿ ನೆಲ ಬಿಳಿ. ಕೇಸಿ ಎಂಬ ಸಣ್ಣ ಊರಿನ ಪೂರ್ವಕ್ಕೆ, ಪೌಡರ್ ನದಿಯ ಕಡೆಗೆ, ಮೂರು ಸೆಕ್ಷನ್‌ಗಳಷ್ಟು ದೊಡ್ಡ ಹಳದಿ ತುಂಡೊಂದು ಕಂಡಿತು. ಒಂದು ಸೆಕ್ಷನ್ ಎಂದರೆ ಒಂದು ಚದರ ಮೈಲಿ, 640 ಎಕರೆ. ಕೌಂಟಿ ರಸ್ತೆ, ಎಂದರೆ ನಮ್ಮ ಜಿಲ್ಲೆಯಂಥ ಸ್ಥಳೀಯ ಆಡಳಿತದ ಸಾರ್ವಜನಿಕ ರಸ್ತೆ, ಮುಗಿದಲ್ಲಿಂದ ಸಣ್ಣ ಗೆರೆಯೊಂದು ನೇರವಾಗಿ ಆ ತುಂಡಿನೊಳಕ್ಕೆ ಹೋಗುತ್ತಿತ್ತು. ಉಪಗ್ರಹ ಚಿತ್ರದಲ್ಲಿ ಎರಡು ಚಕ್ರಗಳ ಬಂಡಿಜಾಡು ಸ್ಪಷ್ಟವಾಗಿ ಕಾಣುತ್ತಿತ್ತು. ಆ ಗೆರೆ ನಡುವೆ ಐದು ಕಿಲೋಮೀಟರ್ ಬಿಳಿಯ ಮೇಲೆ ಹಾದುಹೋಗುವುದೂ ಕಾಣುತ್ತಿತ್ತು. ಸರ್ಕಾರಿ ನೆಲಕ್ಕೆ ಹೋಗುವ ದಾರಿಯಾದ್ದರಿಂದ ಅದು ಎಲ್ಲರ ದಾರಿಯೇ ಆಗಿರಬೇಕೆಂದು ನಾನು ತೀರ್ಮಾನಿಸಿದೆ.

ಈ ತೀರ್ಮಾನ ತಪ್ಪು. ನನಗೆ ಗೊತ್ತಿರುವ ಎಷ್ಟೋ ಹೊಸಬರು ಇದೇ ತಪ್ಪು ಮಾಡಿದ್ದಾರೆ. ಕೌಂಟಿ ರಸ್ತೆಗೆ ಸಂಖ್ಯೆ ಇರುತ್ತದೆ. ಅದು ಯಾರ ಹೊಲದ ನಡುವೆ ಹೋದರೂ ಅದರ ಮೇಲೆ ವಾಹನ ಓಡಿಸುವ ಹಕ್ಕು ನಮಗಿದೆ. ಅದು ಮುಗಿದ ಮೇಲೆ ಮುಂದುವರಿಯುವ ಬಂಡಿಜಾಡು ಹಾಗಲ್ಲ. ಖಾಸಗಿ ನೆಲದ ಮೇಲೆ ಸಾರ್ವಜನಿಕರಿಗೆ ದಾರಿಯ ಹಕ್ಕನ್ನು ಕಾಗದದಲ್ಲಿ ಬರೆದು ನೋಂದಾಯಿಸಿದ್ದರೆ ಮಾತ್ರ ಅದು ನಮ್ಮದು. ಇಲ್ಲದಿದ್ದರೆ ಅದು ಆ ರ‍್ಯಾಂಚ್‌ನವರು ತಮ್ಮ ದನಗಳಿಗೆ ನೀರು ನೋಡಲು ಹೋಗುವ ಸ್ವಂತ ದಾರಿ. ಆಕಾಶದಿಂದ ತೆಗೆದ ಚಿತ್ರದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ವಯೋಮಿಂಗ್‌ನಲ್ಲಿ ಬೇಟೆಗಾಗಿ ಖಾಸಗಿ ನೆಲ ಹೊಕ್ಕರೆ ಅಲ್ಲಿ ಫಲಕ ಇರಲಿಲ್ಲವೆಂಬುದು ನೆಪವಾಗದು. ಯಾರ ನೆಲವೆಂದು ತಿಳಿದುಕೊಳ್ಳುವ ಜವಾಬ್ದಾರಿ ಬೇಟೆಗಾರನದೇ. ಪಶ್ಚಿಮದ 13 ರಾಜ್ಯಗಳಲ್ಲಿ ಹೀಗೆ ಖಾಸಗಿ ನೆಲದಿಂದ ಸುತ್ತುವರಿದು, ಶಾಶ್ವತವಾದ ಕಾನೂನುಬದ್ಧ ದಾರಿಯಿಲ್ಲದ ಒಕ್ಕೂಟ ಸರ್ಕಾರದ ನೆಲ ಸುಮಾರು 95 ಲಕ್ಷ ಎಕರೆ ಇದೆಯೆಂದು 2018ರಲ್ಲಿ ಲೆಕ್ಕ ಹಾಕಲಾಗಿತ್ತು. ಅದರಲ್ಲಿ ಸುಮಾರು 30 ಲಕ್ಷ ಎಕರೆ ವಯೋಮಿಂಗ್ ಒಂದರಲ್ಲಿಯೇ ಇದೆ.

2025ರ ಮಾರ್ಚ್‌ನಲ್ಲಿ ವಯೋಮಿಂಗ್ ಒಳಗೊಂಡ ಹತ್ತನೆಯ ವೃತ್ತದ ಒಕ್ಕೂಟ ಮೇಲ್ಮನವಿ ನ್ಯಾಯಾಲಯ, ಚದುರಂಗದ ಮಣೆಯಂತೆ ಹರಡಿದ ನೆಲದಲ್ಲಿ ಒಂದು ಸರ್ಕಾರಿ ಚೌಕದ ಮೂಲೆಯಿಂದ ಇನ್ನೊಂದರ ಮೂಲೆಗೆ ಕಾಲ್ನಡಿಗೆಯಲ್ಲಿ ದಾಟಿದ ಬೇಟೆಗಾರರ ಪರವಾಗಿ ತೀರ್ಪು ಕೊಟ್ಟಿತು. ಅಂದಿನಿಂದ ಎಲ್ಲ ದಾರಿಗಳೂ ತೆರೆದವೆಂದು ಕೆಲವರು ಹೇಳುತ್ತಿರುವುದನ್ನು ಕೇಳಿದ್ದೇನೆ. ದಯವಿಟ್ಟು ಹಾಗೆ ಭಾವಿಸಬೇಡಿ. ಆ ತೀರ್ಪು ಖಾಸಗಿ ನೆಲವನ್ನು ಮುಟ್ಟದೆ ಮೂಲೆ ದಾಟಿದವರ ವಿಷಯದ್ದು. ಖಾಸಗಿ ಬಂಡಿಜಾಡಿನ ಮೇಲೆ ಪಿಕಪ್ ಓಡಿಸುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಅಕ್ಟೋಬರ್ ಮೊದಲ ವಾರದ ಶುಕ್ರವಾರ ರಾತ್ರಿ ಒಂಬತ್ತರ ಹೊತ್ತಿಗೆ, ಸುಮಾರು 550 ಕಿಲೋಮೀಟರ್ ದಾರಿ ಕ್ರಮಿಸಿ, ನಾವು ಆ ಗೆರೆಯ ಬುಡ ತಲುಪಿದೆವು. ಹೆಡ್‌ಲೈಟಿನ ಬೆಳಕಿನಲ್ಲಿ ಕಬ್ಬಿಣದ ಕೊಳವೆಯ ಗೇಟು, ಅದಕ್ಕೆ ದಪ್ಪ ಸರಪಳಿ, ಸರಪಳಿಗೆ ಹೊಸ ಬೀಗ. ಗೆಳೆಯರು ಯಾರೂ ಏನೂ ಅನ್ನಲಿಲ್ಲ. ಅಲ್ಲಿಂದ ಹಿಂದಿರುಗಿ ಕೇಸಿಯಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಯಾರನ್ನಾದರೂ ವಿಚಾರಿಸಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ. ಆದರೆ ನಾನು ಅಲ್ಲಿಯೇ ಫೋನ್ ತೆರೆದು, ಉತ್ತರದಿಂದ ಅದೇ ಹಳದಿ ತುಂಡಿಗೆ ಬರುವ ಇನ್ನೊಂದು ದಾರಿಯನ್ನು ಹುಡುಕಿದೆ. ಅದು ನಿಜವಾದ ಕೌಂಟಿ ರಸ್ತೆ, ಸಂಖ್ಯೆಯಿತ್ತು; 60 ಕಿಲೋಮೀಟರ್ ಸುತ್ತು, ಅದರಲ್ಲಿ ಕೊನೆಯ 14 ಕಿಲೋಮೀಟರ್ ಜಲ್ಲಿಯಿಲ್ಲದ ಬರಿ ಮಣ್ಣು. ಹಕ್ಕಿನ ಪ್ರಶ್ನೆ ಬಗೆಹರಿಯಿತೆಂಬ ಸಮಾಧಾನದಲ್ಲಿ, ಆ ಮಣ್ಣು ಎಂಥದ್ದೆಂಬ ಪ್ರಶ್ನೆಯನ್ನು ನಾನು ಕೇಳಿಕೊಳ್ಳಲೇ ಇಲ್ಲ.

ಕೇಳಿಕೊಳ್ಳಬೇಕಾದವನು ಆ ನಾಲ್ವರಲ್ಲಿ ನಾನೇ ಆಗಿದ್ದೆ. ನಾನು ಗದಗ ಸೀಮೆಯ ಎರೆಭೂಮಿಯಲ್ಲಿ ಬೆಳೆದವನು. ಮಳೆ ಬಿದ್ದ ಎರೆಯಲ್ಲಿ ಬಂಡಿಯ ಗಾಲಿಗೆ ಮಣ್ಣು ಅಂಟಿ ಅಂಟಿ ಗಾಲಿ ತಿರುಗದಂತಾಗುವುದನ್ನು, ಎತ್ತುಗಳು ಮಂಡಿಯೂರುವುದನ್ನು ಕಣ್ಣಾರೆ ಕಂಡಿದ್ದೇನೆ. "ಎರಿ ಹಸಿ ಇದ್ದಾಗ ಬಂಡಿ ಇಳಸಬ್ಯಾಡ" ಎಂದು ನಮ್ಮಜ್ಜ ಪ್ರತಿ ಮುಂಗಾರಿನಲ್ಲಿಯೂ ಹೇಳುತ್ತಿದ್ದರು. ವಯೋಮಿಂಗ್‌ನ ಆ ಮಣ್ಣು ಕಪ್ಪಲ್ಲ, ಬೂದಿಯ ಬಣ್ಣದ್ದು. ಒಣಗಿದಾಗ ಕಾಂಕ್ರೀಟಿನಷ್ಟು ಗಟ್ಟಿ, ಮೇಲೆ ತೆಳುವಾದ ಧೂಳು. ಆದ್ದರಿಂದ ನನಗೆ ಗುರುತು ಸಿಗಲಿಲ್ಲ. ಆ ಸೀಮೆಯಲ್ಲಿ ಬೆಂಟೊನೈಟ್ ಜೇಡಿ ಹೇರಳವಾಗಿದೆ. ಅಮೆರಿಕದಲ್ಲಿ ಅದನ್ನು ಅತಿ ಹೆಚ್ಚು ಅಗೆದು ತೆಗೆಯುವ ರಾಜ್ಯವೇ ವಯೋಮಿಂಗ್. ಬೆಂಟೊನೈಟಿನ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್, ನಮ್ಮ ಎರೆಮಣ್ಣು ನೀರು ಕುಡಿದು ಉಬ್ಬುವುದಕ್ಕೂ ಬೇಸಿಗೆಯಲ್ಲಿ ಬಿರಿಯುವುದಕ್ಕೂ ಕಾರಣವಾದ ಖನಿಜಗಳ ಗುಂಪಿಗೇ ಸೇರಿದ್ದು. ಅಲ್ಲಿನವರು ಈ ಮಣ್ಣು ನೆನೆದಾಗ ಆಗುವ ಕೆಸರನ್ನು ಗಂಬೊ ಎನ್ನುತ್ತಾರೆ.

ಶನಿವಾರ ಮಧ್ಯಾಹ್ನ ಗೆಳೆಯನೊಬ್ಬ ಒಂದು ಪ್ರಾಂಗ್‌ಹಾರ್ನ್ ಹೊಡೆದ. ಶುದ್ಧವಾದ ಒಂದೇ ಗುಂಡು. ಚರ್ಮ ಸುಲಿದು, ನಾಲ್ಕು ಭಾಗ ಮಾಡಿ, ಹಿಂಗಾಲುಗಳನ್ನು ಮೂಳೆ ಸಮೇತ ಐಸ್ ಪೆಟ್ಟಿಗೆಯಲ್ಲಿಟ್ಟೆವು. ಐಸು ಎರಡು ದಿನಕ್ಕೆ ಸಾಕಾಗುವಷ್ಟಿತ್ತು, ಏಕೆಂದರೆ ಭಾನುವಾರ ಮಧ್ಯಾಹ್ನದೊಳಗೆ ಹೊರಡುವುದು ನಮ್ಮ ಲೆಕ್ಕವಾಗಿತ್ತು. ಭಾನುವಾರ ಮಧ್ಯಾಹ್ನದಿಂದ ಮಳೆಯೆಂದು ಮುನ್ಸೂಚನೆಯಿತ್ತು. ಬೆಳಿಗ್ಗೆ ಪಶ್ಚಿಮದಲ್ಲಿ ಬಿಗ್‌ಹಾರ್ನ್ ಬೆಟ್ಟಗಳು ಮೋಡದಲ್ಲಿ ಮುಚ್ಚಿಹೋಗಿದ್ದವು. ಇನ್ನೊಂದು ಟ್ಯಾಗ್, ಎಂದರೆ ಒಂದು ಪ್ರಾಣಿ ಹೊಡೆಯುವ ಪರವಾನಗಿ ಚೀಟಿ, ಬಾಕಿಯಿತ್ತು, ಅದು ನನ್ನದು. ಇನ್ನೆರಡು ಗಂಟೆ ನೋಡೋಣವೆಂದು ನಾನೇ ಹೇಳಿದೆ.

ಹನ್ನೊಂದಕ್ಕೆ ಮಳೆ ಶುರುವಾಯಿತು. ದೊಡ್ಡ ಮಳೆಯಲ್ಲ, ಮಲೆನಾಡಿನವರು ಅದನ್ನು ಮಳೆಯೆಂದೇ ಕರೆಯಲಾರರು. ಅರ್ಧ ಗಂಟೆಯಲ್ಲಿ ಡೇರೆ ಕಿತ್ತು ಹೊರಟೆವು. ನಾನೂರು ಮೀಟರ್ ಹೋಗುವಷ್ಟರಲ್ಲಿ ಟೈರಿನ ಕಚ್ಚುಗಳೆಲ್ಲ ತುಂಬಿ ನುಣ್ಣಗಾದವು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲವಿದ್ದರೂ ಗಾಡಿ ಮುಂದಕ್ಕೆ ಹೋಗುವ ಬದಲು ರಸ್ತೆಯ ಇಳಿಜಾರಿನತ್ತ ಅಡ್ಡಡ್ಡ ಜಾರಿತು. ಮಣ್ಣು ಚಕ್ರಕ್ಕೂ ಮೇಲಿನ ತಗಡಿಗೂ ನಡುವೆ ಪದರ ಪದರವಾಗಿ ತುಂಬಿಕೊಂಡು ಕೊನೆಗೆ ಮುಂದಿನ ಚಕ್ರಗಳು ತಿರುಗುವುದನ್ನೇ ನಿಲ್ಲಿಸಿದವು. ಕೆಳಗಿಳಿದರೆ ಹೆಜ್ಜೆ ಹೆಜ್ಜೆಗೂ ಬೂಟಿಗೆ ರೊಟ್ಟಿಯಷ್ಟು ಅಗಲದ ಮಣ್ಣು ಅಂಟುತ್ತಿತ್ತು. ಹತ್ತು ಹೆಜ್ಜೆಗೆ ಕಾಲೆತ್ತಲಾಗುತ್ತಿರಲಿಲ್ಲ. ಸಲಿಕೆಗೆ ಅಂಟಿದ ಮಣ್ಣು ಕೊಡವಿದರೆ ಬೀಳುತ್ತಿರಲಿಲ್ಲ, ಚಾಕುವಿನಿಂದ ಕೆರೆಯಬೇಕಿತ್ತು. ಚಕ್ರಕ್ಕೆ ಹಾಕುವ ಸರಪಳಿಗಳು ಡೆನ್ವರ್‌ನ ಗ್ಯಾರೇಜಿನಲ್ಲಿದ್ದವು.

ಅಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಒಬ್ಬನ ಬಳಿ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನವಿದ್ದುದರಿಂದ ಮನೆಗೆ ಸುದ್ದಿ ಮುಟ್ಟಿತು. ಗಾಡಿ ಎಳೆಯುವ ಸೇವೆಯೊಂದನ್ನು ಮನೆಯವರು ಸಂಪರ್ಕಿಸಿದಾಗ, ರಸ್ತೆ ಒಣಗುವ ತನಕ ಯಾವ ವಾಹನವನ್ನೂ ಕಳುಹಿಸುವುದಿಲ್ಲವೆಂದು ಉತ್ತರ ಬಂತು. ಅದು ನ್ಯಾಯವಾದ ಉತ್ತರವೇ. ನಮ್ಮಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆಯಿದೆ. ಅವರ ಮಾತ್ರೆಗಳು ಸೋಮವಾರ ಬೆಳಿಗ್ಗೆಗೆ ಮುಗಿದವು. ಅವರು ಆ ಎರಡು ದಿನ ನಗುತ್ತಲೇ ಇದ್ದರು, ನನಗೆ ಮಾತ್ರ ರಾತ್ರಿ ನಿದ್ರೆ ಬರಲಿಲ್ಲ. ಸೋಮವಾರ ಪೂರ್ತಿ ಜಿನುಗುಮಳೆ. ಇದ್ದ ಒಂದೇ ಟಾರ್ಪಾಲನ್ನು ಡೇರೆಗೆ ಹಾಕಿದ್ದೆವು, ಮಾಂಸವನ್ನು ಹೊರಗೆ ತೂಗುಹಾಕಲು ಮರೆಯಿರಲಿಲ್ಲ. ಮಂಗಳವಾರ ಬಿಸಿಲು ಬಂದಾಗ ಪೆಟ್ಟಿಗೆಯಲ್ಲಿ ಐಸು ಕರಗಿ, ಮಾಂಸ ಕೆಂಪು ನೀರಿನಲ್ಲಿ ತೇಲುತ್ತಿತ್ತು.

ಆ ಮಧ್ಯಾಹ್ನ ದಕ್ಷಿಣದ ದಿಬ್ಬದ ಮೇಲಿಂದ, ನಮಗೆ ಬೀಗ ಹಾಕಿದ್ದ ಅದೇ ದಾರಿಯಲ್ಲಿ, ಆ ನೆಲದ ರ‍್ಯಾಂಚ್ ಮಾಲೀಕರು ನಾಲ್ಕು ಚಕ್ರದ ಸಣ್ಣ ಬೈಕಿನಲ್ಲಿ ಬಂದರು. ಆ ಕಡೆಯ ದಿಬ್ಬ ಮರಳುಮಣ್ಣಿನದು, ನೀರು ಬೇಗ ಇಂಗುತ್ತದೆ. ನಾವು ಟ್ರ್ಯಾಕ್ಟರ್ ಕೇಳಿದೆವು. ಅವರು ನಮ್ಮ ಹಿಂದಿನ ನಾನೂರು ಮೀಟರ್ ಉದ್ದಕ್ಕೂ ಮೊಣಕಾಲಿನವರೆಗೆ ಇಳಿದಿದ್ದ ಗಾಲಿಗುಂಡಿಗಳನ್ನು ತೋರಿಸಿ, ಇವು ಹೀಗೆಯೇ ಒಣಗಿದರೆ ತಮ್ಮ ದನದ ಟ್ರೇಲರು ಚಳಿಗಾಲ ಕಳೆಯುವವರೆಗೆ ಇಲ್ಲಿ ಓಡಾಡಲಾರದು, ಟ್ರ್ಯಾಕ್ಟರ್ ತಂದರೆ ಇನ್ನಷ್ಟು ಹಾಳಾಗುತ್ತದೆ ಎಂದರು. ಏರುದನಿಯಲ್ಲಿ ಮಾತಾಡಲಿಲ್ಲ. ಆಮೇಲೆ ಪೆಟ್ಟಿಗೆ ತೆರೆಸಿ, ಹಿಂಗಾಲಿನ ಕೀಲಿನ ಬಳಿ ಚಾಕುವಿನಿಂದ ಸೀಳಿ, ಬಾಗಿ ಮೂಸಿ ನೋಡಿದರು. ನನ್ನನ್ನೂ ಕರೆದು ಮೂಸಲು ಹೇಳಿದರು. ಹುಳಿಹಿಡಿದ ಹಿಟ್ಟಿನಂಥ, ಅದರಾಚೆ ಇನ್ನೇನೋ ಸೇರಿದ ವಾಸನೆ. ಎರಡೂ ಹಿಂಗಾಲು ಮೂಳೆಯ ಸುತ್ತ ಕೆಟ್ಟಿದ್ದವು. ಉಳಿದುದನ್ನು ತಮ್ಮ ತಣ್ಣನೆಯ ಕೋಣೆಗೆ ಒಯ್ದು ಇಟ್ಟುಕೊಂಡರು, ಕಾಯಿಲೆಯವರನ್ನೂ ಜೊತೆಗೆ ಕರೆದೊಯ್ದರು. ತಿನ್ನಬಹುದಾದ ಮಾಂಸವನ್ನು ವ್ಯರ್ಥ ಮಾಡುವುದು ಈ ರಾಜ್ಯದಲ್ಲಿ ಅಪರಾಧ. ಕಾನೂನು ಹಾಗಿರಲಿ, ಒಂದು ಜೀವ ತೆಗೆದು ಅದರ ಒಳ್ಳೆಯ ಭಾಗವನ್ನೇ ಗುಂಡಿ ತೋಡಿ ಹೂಳಬೇಕಾದಾಗ ಆಗುವ ಸಂಕಟವನ್ನು ನಾನು ಮರೆಯಲಾರೆ.

ಹೊರಡುವ ಮೊದಲು ಅವರು, ಆ ರಾತ್ರಿ ಆಕಾಶ ತಿಳಿಯಾಗಿರುವುದರಿಂದ ನೆಲ ಹೆಪ್ಪುಗಟ್ಟುತ್ತದೆ, ಸೂರ್ಯ ಹುಟ್ಟುವುದಕ್ಕೆ ಮುಂಚೆಯೇ ಹೊರಟುಬಿಡಿ, ಬಿಸಿಲು ಬಿದ್ದರೆ ಮತ್ತೆ ಸಿಕ್ಕಿಕೊಳ್ಳುತ್ತೀರಿ ಎಂದರು. ಬುಧವಾರ ಬೆಳಗಿನ ಐದೂವರೆಗೆ ಚಕ್ರಗಳ ಸುತ್ತಲಿನ ಮಣ್ಣನ್ನು ಕಬ್ಬಿಣದ ಸರಳಿನಿಂದ ಒಡೆದು ಹೊರಟೆವು. ಮೂರು ದಿನ ಕದಲದ ಗಾಡಿ ಆ 14 ಕಿಲೋಮೀಟರನ್ನು ನಲವತ್ತು ನಿಮಿಷದಲ್ಲಿ ದಾಟಿತು.

ಈಗ ನಾನು ದಾರಿ ಗೊತ್ತುಮಾಡುವ ಕ್ರಮವೇ ಬೇರೆ. ಅರ್ಜಿ ಹಾಕುವ ಮೊದಲೇ, ಬಿಳಿಯ ಮೇಲೆ ಹಾಯುವ ಪ್ರತಿಯೊಂದು ಗೆರೆಯ ಬಗ್ಗೆ ಆ ಭಾಗದ ಬಿಎಲ್‌ಎಂ ಕಚೇರಿಗೆ ಫೋನ್ ಮಾಡಿ, ಇಲ್ಲಿ ಸಾರ್ವಜನಿಕ ದಾರಿಯ ಹಕ್ಕು ನೋಂದಣಿಯಾಗಿದೆಯೇ ಎಂದು ಕೇಳುತ್ತೇನೆ. ಪೌಡರ್ ನದಿಯ ಸೀಮೆಗೆ ಆ ಕಚೇರಿ ಬಫೆಲೊ ಊರಿನಲ್ಲಿದೆ. ಬೇಟೆ ಮತ್ತು ಮೀನುಗಾರಿಕೆ ಇಲಾಖೆಯ ಆಕ್ಸೆಸ್ ಯೆಸ್ ಯೋಜನೆಯಲ್ಲಿ ಬೇಟೆಗಾರರಿಗೆ ತೆರೆದಿರುವ ಖಾಸಗಿ ನೆಲಗಳನ್ನು ಮೊದಲು ನೋಡುತ್ತೇನೆ. ಮಣ್ಣಿನ ವಿಷಯಕ್ಕೆ ಕೌಂಟಿಯ ರಸ್ತೆ ಮತ್ತು ಸೇತುವೆ ವಿಭಾಗದವರನ್ನು ಕೇಳಬೇಕು. ಯಾವ ರಸ್ತೆಗೆ ಎಲ್ಲಿಯವರೆಗೆ ಜಲ್ಲಿ ಹಾಕಿದೆಯೆಂದು ಹೇಳಬಲ್ಲವರು ಅವರೇ, ಏಕೆಂದರೆ ರಾಜ್ಯದ 511 ಸಂಖ್ಯೆಯ ರಸ್ತೆ ಮಾಹಿತಿ ಹೆದ್ದಾರಿಗಳಿಗೆ ಸೀಮಿತ. ಐಸು, ಔಷಧಿ, ನೀರು, ಇವನ್ನು ಮೂರು ದಿನ ಹೆಚ್ಚಿಗೆ ಲೆಕ್ಕ ಹಾಕಿ ಒಯ್ಯಿರಿ. ಮಳೆ ಬರುವ ಸೂಚನೆಯಿದ್ದರೆ ಗಾಡಿಯನ್ನು ಜಲ್ಲಿರಸ್ತೆಯ ಅಂಚಿನಲ್ಲಿಯೇ ನಿಲ್ಲಿಸಿ.

ವಸಂತದಲ್ಲಿ ಆ ರ‍್ಯಾಂಚ್‌ಗೆ ಹೋಗಿ, ನಾವು ಕೆಡಿಸಿದ ನಾನೂರು ಮೀಟರ್ ಸರಿಪಡಿಸಲು ಎರಡು ದಿನ ಸಲಿಕೆ ಹಿಡಿದೆವು. ಈ ವರ್ಷ ನಮಗೆ ಮತ್ತೆ ಟ್ಯಾಗ್ ಬಂದಿದೆ. ಜುಲೈನಲ್ಲಿಯೇ ಅವರಿಗೆ ಫೋನ್ ಮಾಡಿ ದಕ್ಷಿಣದ ಗೇಟಿನಿಂದ ಹೋಗಲು ಅನುಮತಿ ಕೇಳಿದೆ. ನಡೆದು ಹೋಗುವುದಾದರೆ ಆಗಬಹುದು ಎಂದರು. ಗೇಟಿನಿಂದ ಹಳದಿ ತುಂಡಿಗೆ ಐದು ಕಿಲೋಮೀಟರ್. ಮಾಂಸವನ್ನು ಬೆನ್ನ ಮೇಲೆ ಹೊತ್ತು ತರುವುದೆಂದು ನಾಲ್ವರೂ ಒಪ್ಪಿದ್ದೇವೆ.